ಕೊರಗಪ್ಪನ ಇಸ್ತ್ರಿ ಗೆರೆ

ಗಲ್ಫಿನ ಹಮ್ದಾನ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಟೈಲರ್ ಕೊರಗಪ್ಪನನ್ನು ಅರಿಯದ ನಮ್ಮೂರಿನವರು ಕಡಿಮೆ. ಉಡುಪಿ ಕಡೆಯಿಂದ ಬಂದವನು, ಪರರ ಪ್ಯಾಂಟುಗಳ ಉದ್ದ ತಗ್ಗಿಸುತ್ತಲೇ ಅರ್ಧ ಆಯುಷ್ಯ ಕಳೆದವನು. ಹೊಲಿಗೆಯೂ ಚೆನ್ನಾಗಿತ್ತು ಅನ್ನಿ, ಆದರೆ ಅವನ ಜಂಬವೆಲ್ಲ ಇಸ್ತ್ರಿಯಲ್ಲಿ. ಅವನ ಕೈದಾಟಿದ ಪ್ಯಾಂಟಿನ ಕಾಲುಗಳ ಮೇಲೆ ಅಳತೆಗೋಲಿಟ್ಟು ಎಳೆದಂಥ ಗೆರೆ ಇರಲೇಬೇಕು. ಬೇಡವೆಂದರೂ ಇರಬೇಕು. ಜೀನ್ಸಿಗೂ ಗೆರೆ ಹಾಕಿ ಹುಡುಗರಿಂದ ಬೈಸಿಕೊಂಡ ಮಹಾಶಯ!

ಒಂದು ದಿನ ಅವನ ಹಳೆಯ ಗಿರಾಕಿ ನೌಶಾದ್ ದಪ್ಪನೆಯ ಹೊಸ ಹಸಿರು ಪ್ಯಾಂಟೊಂದನ್ನು ತಂದ. ನೌಶಾದನ ಧಣಿ ಒಬ್ಬ ಅರಬ. ವರ್ಷಕ್ಕೊಮ್ಮೆ, ಮಳೆ ಬಿಡದ ಯಾವುದೋ ದೇಶದ ಕಲ್ಲುಬೆಟ್ಟಗಳಿಗೆ ಬೇಟೆಗೆ ಹೋಗುವಾಗ ಇವನನ್ನೂ ಕರೆದೊಯ್ಯುತ್ತಿದ್ದ.

"ಕೊರಗಪ್ಪಣ್ಣ, ಕಾಲು ಸ್ವಲ್ಪ ಗಿಡ್ಡ ಮಾಡಿ. ನೀರು ಬರಬಾರದು ಅಂತ ಹೊಲಿಗೆಗೆ ಒಳಗಿಂದ ಟೇಪ್ ಅಂಟಿಸಿದ್ದಾರೆ. ಇಸ್ತ್ರಿ ಮಾತ್ರ ಮುಟ್ಟಿಸ್ಬೇಡಿ ಮಾರಾಯ್ರೆ."

"ಎಂತದಾ, ನನಗೇ ಪ್ಯಾಂಟಿನ ಪಾಠ ಹೇಳ್ತೀಯಾ?"

ಕಾಲು ಗಿಡ್ಡವಾಯಿತು. ಆದರೆ ಗೆರೆಯಿಲ್ಲದ ಪ್ಯಾಂಟನ್ನು ಗಿರಾಕಿಗೆ ಕೊಡಲು ಕೊರಗಪ್ಪನ ಜೀವ ಒಪ್ಪಬೇಕಲ್ಲ. ಸ್ವಲ್ಪವೇ ಬಿಸಿ, ಏನಾದೀತು ಎಂದುಕೊಂಡು ಇಸ್ತ್ರಿ ಒತ್ತಿಯೇ ಬಿಟ್ಟ. ತಿರುಗಿಸಿ ನೋಡಿದರೆ ಒಳಗಿನ ಟೇಪು ಹಾಲಿನ ಕೆನೆಯಂತೆ ಮುದುಡಿ ಎದ್ದಿತ್ತು. ಬೆರಳಿನಿಂದ ಒತ್ತಿ ಕೂರಿಸಿ, ಗೆರೆ ಕಾಣದ ಹಾಗೆ ಮಡಚಿ ಚೀಲದೊಳಗೆ ತುರುಕಿದ.

ನೌಶಾದ್ ಅವಸರದಲ್ಲಿ ಬಂದ, ಮರುದಿನವೇ ವಿಮಾನ. ಹೇಳಲು ಕೊರಗಪ್ಪ ಬಾಯಿ ತೆರೆದ, ಹೇಳದೆ ಚೀಲವನ್ನೇ ಮುಂದೆ ಚಾಚಿದ. ಇಷ್ಟು ವರ್ಷದ ಹೆಸರು, ಒಂದು ಮಾತಿಗೆ ಹೋಗಿಬಿಡುತ್ತದಲ್ಲ! "ಖಲಾಸಾ? ಫಸ್ಟ್ ಕ್ಲಾಸ್," ಎಂದು ನೌಶಾದ್ ಚೀಲ ಹಿಡಿದು ಹೊರಟೇ ಹೋದ.

ಕೊರಗಪ್ಪನಿಗೆ ಊಟ ಸೇರಲಿಲ್ಲ. ಹೆಂಡತಿ ಜಲಜಾಕ್ಷಿ ಕೆದಕಿ ಕೆದಕಿ ವಿಷಯ ಹೊರಡಿಸಿದಳು. "ಫೋನ್ ಮಾಡಿ ಹೇಳಿ, ಇನ್ನೂ ಇಲ್ಲೇ ಇದ್ದಾನಲ್ಲ," ಎಂದಳು. ನಂಬರು ಒತ್ತಿದ, ಆ ಕಡೆ ರಿಂಗಾಗುವ ಮೊದಲೇ ಕತ್ತರಿಸಿದ. ಎಂಥ ಪುಕ್ಕಲನಪ್ಪ ಇವನು!

ಬೇಟೆ ಮುಗಿಸಿ ಬಂದ ನೌಶಾದ್, ಪ್ಯಾಂಟು ಕೊಂಡಿದ್ದ ಅಂಗಡಿಯಲ್ಲಿ ಅದನ್ನು ಬಿಸಾಕಿ ಜಗಳವಾಡಿ, ಅಲ್ಲಿಂದ ನೇರ ಕೊರಗಪ್ಪನಲ್ಲಿಗೆ ಬಂದ, ಮುಖ ಬಾಡಿತ್ತು. ಬೆಟ್ಟದ ನಡುವೆ ಪ್ಯಾಂಟಿನೊಳಗೆ ನೀರು ನುಗ್ಗಿ, ಕಾಲು ಮರಗಟ್ಟಿ, ನಡೆಯಲಾಗದೆ ಕುಸಿದಿದ್ದನಂತೆ. ಅವನೊಬ್ಬನಿಗಾಗಿ ಎಲ್ಲರೂ ಬರಿಗೈಯಲ್ಲಿ ಇಳಿಯಬೇಕಾಯಿತು. ಮುಂದಿನ ಸಲ ನೀನು ಬರುವುದು ಬೇಡ ಎಂದಿದ್ದನಂತೆ ಧಣಿ.

"ಈ ಪ್ಯಾಂಟ್ ಮಾರಿದ ಆ ಅಂಗಡಿಯ ಹುಡುಗ ಡ್ಯಾರಲ್ ತಪ್ಪು ಒಪ್ಪುದೇ ಇಲ್ಲ. ನೀವು ಬಂದು ಬಟ್ಟೆಯೇ ಸರಿ ಇಲ್ಲ ಅಂತ ಒಂದು ಮಾತು ಹೇಳಿ. ನಿಮ್ಮ ಮಾತು ಅಂದ್ರೆ ಯಾರೂ ಇಲ್ಲ ಅನ್ನುದಿಲ್ಲ."

ಕೊರಗಪ್ಪ ಎದ್ದು ಹಿಂದೆಯೇ ಹೋದ. ಬೇಟೆ ಸಾಮಾನಿನ ಆ ಅಂಗಡಿಯಲ್ಲಿ ಮ್ಯಾನೇಜರ್ ಆಗಲೇ ಡ್ಯಾರಲನಿಗೆ ಎಲ್ಲರ ಎದುರು ಬೈಯುತ್ತಿದ್ದ. ಡ್ಯಾರಲನ ಕಿವಿ ಕೆಂಪಾಗಿತ್ತು. ಪ್ಯಾಂಟು ಮೇಜಿನ ಮೇಲೆ ಹರಡಿಕೊಂಡಿತ್ತು, ಎರಡೂ ಕಾಲಿನ ಮೇಲೆ ನೆಟ್ಟಗಿನ ಗೆರೆ. ಉಳಿದವರು ಅದನ್ನು ಮಡಚಿಟ್ಟ ಗುರುತೆಂದೇ ತಿಳಿದಿದ್ದರು. ಅಷ್ಟು ಮಳೆ ಬಿದ್ದರೂ ಅದು ಅಳಿಸಿರಲಿಲ್ಲ. ಕೊರಗಪ್ಪನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

"ಡ್ಯಾರಲಿಗೆ ಬೈಬೇಡಿ. ನಾನೇ ಇಸ್ತ್ರಿ ಹಾಕಿದ್ದು. ಟೇಪು ಎದ್ದದ್ದೂ ಗೊತ್ತಿತ್ತು," ಎಂದ.

ನೌಶಾದ್ ಬೈಯುತ್ತಾನೆ, ಕೈಯೆತ್ತುತ್ತಾನೆ ಎಂದು ಕಾದ. ಅಂಥದ್ದೇನೂ ಆಗಲಿಲ್ಲ. ಅವನು ಡ್ಯಾರಲನ ಕಡೆ ತಿರುಗಿ "ಸಾರಿ" ಎಂದ. ಬಾಗಿಲವರೆಗೆ ಹೋದವನು ನಿಂತ.

"ಇಸ್ತ್ರಿ ಬಿಡಿ ಕೊರಗಪ್ಪಣ್ಣ, ಕೈತಪ್ಪು ಯಾರಿಗೂ ಆಗ್ತದೆ. ಒಂದು ಮಾತು ಹೇಳಿದ್ರೆ ಸಾಕಿತ್ತು. ನನ್ನ ಹಳೇ ಬೇಟೆ ಪ್ಯಾಂಟ್ ಮನೆಯಲ್ಲೇ ಇತ್ತು."