ಬೆಲ್ಟಿಗೆ ಸಿಕ್ಕ ಶಿವದಾರ

ಮೆಕ್ಯಾನಿಕ್ ಶರಣಪ್ಪನವರ ಕೊರಳನ್ನು ನನ್ನ ಕಾರಿನ ಎಂಜಿನ್ ಒಳಕ್ಕೆ ಎಳೆದುಕೊಳ್ಳುತ್ತಿತ್ತು.

ಎಸಿ ಹಾಕಿದೊಡನೆ ಕರಕರ ಸದ್ದು ಬರುತ್ತದೆಂದು ಜೇವರ್ಗಿಯ ಅವರ ಗ್ಯಾರೇಜಿಗೆ ಹೋಗಿದ್ದೆ. “ಅಕ್ಕಾರ, ಎಸಿ ಹಚ್ರಿ. ಕಂಪ್ರೆಸರ್ ಬೇರಿಂಗ್ ಹೋಗ್ಯಾದೇನು ನೋಡ್ತೇನಿ” ಎಂದು ಬಾನೆಟ್ಟಿನೊಳಗೆ ಬಾಗಿದರು. ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆ ಅಂಗಿಯಿಂದ ಜಾರಿ, ಅದನ್ನು ಕಟ್ಟಿದ್ದ ಶಿವದಾರ ತಿರುಗುವ ಬೆಲ್ಟಿಗೆ ಸುತ್ತಿಕೊಂಡಿತು. ನೂಲಿನ ದಾರ ಗ್ರೀಸಿಗೆ ನೆನೆದು ಹರಿಯುತ್ತದೆಂದು ಅವರು ನೈಲಾನ್ ದಾರ ಹಾಕಿಕೊಂಡಿದ್ದರು. ಅದು ಹರಿಯಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದ ನಾನು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದೆ.

ಪಕ್ಕದ ಟೈರ್ ಅಂಗಡಿಯ ಹಿರಿಯರು ಓಡಿಬಂದು ದಾರ ಕತ್ತರಿಸಿದರು. ಕೊರಳ ಚರ್ಮ ಸೀಳಿ ರಕ್ತ ಇಳಿಯುತ್ತಿದ್ದರೂ ಶರಣಪ್ಪ ಕಾರಿನ ಕೆಳಗೆ ತೆವಳಿ, ಒಡೆದ ಕರಡಿಗೆಯಿಂದ ಬಿದ್ದ ಲಿಂಗ ಹುಡುಕಿದರು. ಸಿಕ್ಕಿದ್ದು ಎರಡು ಹೋಳು.

“ಜೀವ ಉಳೀತಲ್ಲೋ ಶರಣ್ಯಾ, ದವಾಖಾನಿಗಿ ನಡಿ” ಎಂದರು ಹಿರಿಯರು.

“ಲಿಂಗಾನೇ ಒಡದ್ ಮ್ಯಾಲ ನಾ ಉಳದು ಏನ್ ಮಾಡ್ಲಿ?” ಎಂದರು ಶರಣಪ್ಪ, ಹೋಳುಗಳನ್ನು ಎದೆಗೆ ಒತ್ತಿಕೊಂಡು.

ಹೊಸ ಲಿಂಗ ಕೊಡುತ್ತೇವೆಂದು ಮಠದಿಂದ ಕರೆ ಬಂದರೂ ಅವರು ಹೋಗಿಲ್ಲ. ಲಿಂಗಪೂಜೆಯಿಲ್ಲದೆ ಊಟ ಬೇಡವೆಂದು ಬರೀ ಚಹಾ ಕುಡಿದು ಗೋಡೆಗೆ ಮುಖ ಮಾಡಿ ಮಲಗುತ್ತಾರೆಂದು ಅವರ ಹೆಂಡತಿ ಹೇಳಿದರು. ನಾನು ಶರಣಪ್ಪನವರನ್ನು ಉಳಿಸಿದೆನೆಂದು ಊರಿನವರು ಹೊಗಳುತ್ತಾರೆ. ಅವರ ಮನೆಗೆ ಹೋಗಿಬಂದ ಮೇಲೆ ಆ ಮಾತನ್ನು ನಂಬಲು ನನ್ನಿಂದ ಆಗುತ್ತಿಲ್ಲ.