ಒಂದು ಮಹಾಪ್ರಾಣದ ಅಂತರ

“ಕಾಫಿ ಹೂವಿನ ಗಾಳಿ ಉಬ್ಬಸದವರಿಗೆ ಆಗದು.” ನಮ್ಮ ಮೂಡಿಗೆರೆ ಸೀಮೆಯಲ್ಲಿ ಈ ಮಾತನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಜಾವಳಿಯಿಂದ ಕಳಸದವರೆಗೆ ಯಾವ ಜಗಲಿಯ ಮೇಲೆ ಕುಳಿತು ಕೆಮ್ಮಿದರೂ, ಅದು ಬೇಸಗೆಯ ಮೊದಲ ಮಳೆಯ ಸಮಯವಾಗಿದ್ದರೆ, ಕೆಮ್ಮು ಮುಗಿಯುವ ಮೊದಲೇ ಅದರ ಕಾರಣ ನಿಮ್ಮ ಕೈಗೆ ಬಂದುಬಿಡುತ್ತದೆ. ಮಾತು ಹಳೆಯದು, ಹೇಳುವವರು ಹಿರಿಯರು, ಹೂವಂತೂ ಕಣ್ಣೆದುರಿಗೇ ಇದೆ. ಇಷ್ಟು ಅಚ್ಚುಕಟ್ಟಾಗಿ ಹೊಂದಿಕೊಂಡ ಸಂಗತಿಗಳನ್ನು ಕಂಡಾಗ ಅನುಮಾನಿಸುವುದು ನನ್ನ ಹುಟ್ಟುಗುಣ. ಸ್ಥಳಪುರಾಣಗಳನ್ನು ಅನುಮಾನಿಸಿದ್ದೇನೆ, ಪಂಚಾಂಗವನ್ನು ಅನುಮಾನಿಸಿದ್ದೇನೆ, ನಮ್ಮ ವಂಶವೃಕ್ಷವನ್ನೇ ಅನುಮಾನಿಸಿ ಸೋದರಮಾವನ ಕೈಯಲ್ಲಿ ಬೈಸಿಕೊಂಡಿದ್ದೇನೆ. ಈ ಒಂದು ಮಾತನ್ನು ಮಾತ್ರ ಅನುಮಾನಿಸಲು ನನಗೆ ಪುರುಸೊತ್ತಾಗಿರಲಿಲ್ಲ.

ನನ್ನ ಹೆಂಡತಿ ವಿಶಾಲಾಕ್ಷಿ ಬಯಲುಸೀಮೆಯವಳು, ಕಡೂರಿನ ಕಡೆಯವಳು. ಮದುವೆಯಾಗಿ ಬಂದ ಮೊದಲ ವರ್ಷವೇ ಹೂವಿನ ಹೊತ್ತಿಗೆ ಅವಳ ಎದೆ ಕಟ್ಟಿತು, ಉಸಿರು ಸಣ್ಣಗೆ ಸಿಳ್ಳೆ ಹಾಕತೊಡಗಿತು. ಬಯಲಿನ ಹುಡುಗಿಗೆ ಹೂವಿನ ಗಾಳಿ ಒಗ್ಗಲಿಲ್ಲವೆಂದು ಹಿರಿಯರು ತೀರ್ಪಿತ್ತರು. ಅಂದಿನಿಂದ ಪ್ರತಿ ವರ್ಷವೂ ಎದೆಯಲ್ಲಿ ಸಿಳ್ಳೆ ಕೇಳಿಸಿದ ಕೂಡಲೇ ಆಕೆ ಕಡೂರಿನಲ್ಲಿರುವ ತಂಗಿಯ ಮನೆಗೆ ಹೋಗುವುದು, ಹೋದ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುವುದು, ಹೂವು ಕಂದಿ ಉದುರಿದ ಮೇಲೆ ಮರಳಿ ಬರುವುದು ನಮ್ಮ ಮನೆಯ ಪದ್ಧತಿಯಾಯಿತು. ಕಡೂರಿಗೆ ಹೋದರೆ ಗುಣವಾಗುತ್ತದೆ ಎಂಬುದೇ ಹಿರಿಯರ ವಾದಕ್ಕೆ ಮುದ್ರೆ ಒತ್ತಿತು.

ಹೀಗಾಗಿ ತೋಟ ಹೂವಾದ ದಿನಗಳನ್ನೆಲ್ಲ ನಾನು ಒಂಟಿಯಾಗಿಯೇ ನೋಡಿದ್ದೇನೆ. ಹೂವಾದ ಕಾಫಿ ತೋಟವನ್ನು ನೀವು ನೋಡಿಲ್ಲದಿದ್ದರೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಮೊಗ್ಗು ಬಿರಿಸುವ ಬೇಸಗೆಯ ಮಳೆ, ನಾವು ಹೂಮಳೆ ಎನ್ನುವುದು, ಬಿದ್ದು ವಾರ ಕಳೆಯುತ್ತಿದ್ದಂತೆ ಒಂದು ಬೆಳಗ್ಗೆ ಬಾಗಿಲು ತೆರೆದರೆ, ನಿನ್ನೆ ಹಸಿರಾಗಿದ್ದ ಇಳಿಜಾರು ಇಂದು ಬೆಳ್ಳಗಾಗಿರುತ್ತದೆ. ಮಂಜು ಎಲ್ಲಿ ಮುಗಿಯಿತು, ಹೂವು ಎಲ್ಲಿ ಮೊದಲಾಯಿತು ಎಂಬುದು ತಿಳಿಯುವುದಿಲ್ಲ. ಆ ಪರಿಮಳದ ನಡುವೆ ನಡೆಯುವಾಗ ನಾನು ಎಚ್ಚತ್ತಿದ್ದೇನೋ, ಇನ್ನೂ ಹಾಸಿಗೆಯಲ್ಲಿಯೇ ಇದ್ದೇನೋ ಎಂಬ ಸಂಶಯ ಬರುತ್ತದೆ. ಜೇನ್ನೊಣಗಳ ಮೊರೆತ ಎಲ್ಲ ಕಡೆಯಿಂದಲೂ ಒಂದೇ ಸಮನೆ ಬರುವುದರಿಂದ ಕಿವಿಗೂ ದಿಕ್ಕು ತಪ್ಪುತ್ತದೆ. ನಾನು ಮರದ ನೆರಳಲ್ಲಿ ನಿಂತು ಕಡೂರಿಗೆ ಫೋನು ಮಾಡುತ್ತಿದ್ದೆ. ಹೂವಾಯಿತೇ ಎಂದು ಕೇಳುತ್ತಿದ್ದಳು. ಆಯಿತು ಎನ್ನುತ್ತಿದ್ದೆ. ಹೇಗಿದೆ ಎಂದು ಕೇಳುತ್ತಿದ್ದಳು. ಮಲ್ಲಿಗೆಯಂತೆ ಎಂದರೆ ಸುಳ್ಳಾಗುತ್ತಿತ್ತು, ಮಲ್ಲಿಗೆಯಂತಲ್ಲ ಎಂದರೆ ಇನ್ನೂ ದೊಡ್ಡ ಸುಳ್ಳು. ಪರಿಮಳವನ್ನು ಫೋನಿನಲ್ಲಿ ಕಳುಹಿಸುವ ವಿದ್ಯೆ ಇನ್ನೂ ಬಂದಿಲ್ಲವಾದ್ದರಿಂದ, ಚೆನ್ನಾಗಿದೆ ಎಂದಷ್ಟೇ ಹೇಳಿ ಮುಗಿಸುತ್ತಿದ್ದೆ.

ಹಿಂದಿನ ವರ್ಷ ಉಬ್ಬಸ ಎಂದಿಗಿಂತ ಜೋರಾಗಿ ಬಂದು, ಅವಳನ್ನು ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲೆ ಇರಿಸಬೇಕಾಯಿತು. ಅಲ್ಲಿಯ ಡಾಕ್ಟರರೇ ಅವಳನ್ನು ಉಳಿಸಿದವರು. ಅವರ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಬಂಧುಗಳು ಕೂಡಿ ಮಾತಾಡಿ ಇನ್ನೊಂದು ತೀರ್ಮಾನಕ್ಕೆ ಬಂದರು: ಈ ವಯಸ್ಸಿನಲ್ಲಿ ಅಪಾಯ ಬೇಡ, ವಿಶಾಲಾಕ್ಷಿ ಇನ್ನು ಕಡೂರಿನಲ್ಲೇ ಇದ್ದುಬಿಡಲಿ, ನಾನು ಬೇಕಾದಾಗ ಹೋಗಿ ಬರಲಿ. ಅವಳು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ತನ್ನ ಸೀರೆಗಳನ್ನು ಬೀರುವಿನಿಂದ ಒಂದೊಂದಾಗಿ ತೆಗೆದು ಮಡಿಚತೊಡಗಿದಳು. ಅವು ಪೆಟ್ಟಿಗೆಗೆ ಹೋಗುವ ಮೊದಲು ಏನಾದರೂ ಮಾಡಬೇಕೆಂದು ನನಗೆ ತೋರಿತು.

ಚಿಕ್ಕಮಗಳೂರಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆಂದೂ, ಅವರದು ಫಂಕ್ಷನಲ್ ಮೆಡಿಸಿನ್ ಎಂಬ ಹೊಸ ಪದ್ಧತಿಯೆಂದೂ, ಹಳೆಯ ಕಾಯಿಲೆಗಳ ಬೇರನ್ನೇ ಹುಡುಕುತ್ತಾರೆಂದೂ ಕೇಳಿದ್ದೆ. ಇದನ್ನು ಕೊಟ್ಟಿಗೆಹಾರದ ಅಂಗಡಿಯಲ್ಲಿ ನನ್ನ ಹಳೆಯ ಸ್ನೇಹಿತ ಮಲ್ಲೇಶಪ್ಪನಿಗೆ ಹೇಳಿದ್ದೇ ತಪ್ಪಾಯಿತು. ನಮ್ಮ ಕಡೆ ಫಂಕ್ಷನ್ ಎಂದರೆ ಮದುವೆ, ನಾಮಕರಣ, ಗೃಹಪ್ರವೇಶ.

“ಫಂಕ್ಷನ್ ಡಾಕ್ಟ್ರಾ? ಹಂಗಾದ್ರೆ ಊಟ ಹಾಕ್ತಾರೇನು ಮಾರಾಯ್ರೇ,” ಎಂದ. “ಮುಯ್ಯಿ ಓದಿಸ್ಬೇಕೋ ಫೀಸು ಕೊಡ್ಬೇಕೋ, ಕೇಳ್ಕೊಂಡು ಹೋಗಿ.”

ಹೆಸರು ಹೊಸದಾದರೂ ವಿಚಾರ ಹೊಸದಲ್ಲ ಎಂದು ಅವನಿಗೆ ತಿಳಿಸಲು ನೋಡಿದೆ. ರೋಗದ ಮೂಲವನ್ನು ಅರಸುವುದಕ್ಕೆ ನಮ್ಮ ವೈದ್ಯಶಾಸ್ತ್ರದಲ್ಲಿ ನಿದಾನ ಎಂಬ ಪದವಿದೆ. ಅಲ್ಪಪ್ರಾಣದ ದಕಾರ. ಅದನ್ನೇ ಮಹಾಪ್ರಾಣ ಮಾಡಿದರೆ ನಿಧಾನ, ಅಂದರೆ ಅವಸರವಿಲ್ಲದಿರುವುದು. ನಮ್ಮ ಊರಿನ ನಾಲಗೆಯಲ್ಲಿ ಎರಡಕ್ಕೂ ಉಚ್ಚಾರ ಒಂದೇ. ನಿಘಂಟಿನಲ್ಲಿ ಮಾತ್ರ ಅವು ಬೇರೆ ಬೇರೆ ಸಾಲಿನಲ್ಲಿ, ಪರಿಚಯವಿಲ್ಲದ ನೆರೆಯವರಂತೆ ಕುಳಿತಿವೆ. ಶಾಲೆ ಬೇಗ ಬಿಟ್ಟು ನಿಘಂಟು ಓದಿಯೇ ದೊಡ್ಡವನಾದ ನನಗೆ ಇಂಥ ನೆರೆಹೊರೆಗಳನ್ನು ಕಂಡರೆ ಮೋಹ. ನಿದಾನವಿಲ್ಲದೆ ಚಿಕಿತ್ಸೆಯಿಲ್ಲ, ನಿಧಾನವಿಲ್ಲದೆ ನಿದಾನವಿಲ್ಲ. ನಡುವೆ ಇರುವುದು ಒಂದು ಮಹಾಪ್ರಾಣ, ಅಂದರೆ ಒಂದು ದೊಡ್ಡ ಉಸಿರು. ಉಬ್ಬಸದವಳ ಗಂಡನಿಗೆ ಇದಕ್ಕಿಂತ ಸಮರ್ಪಕವಾದ ವ್ಯಾಕರಣ ಎಲ್ಲಿ ಸಿಕ್ಕೀತು? ಮಲ್ಲೇಶಪ್ಪ ಇದೆಲ್ಲವನ್ನೂ ಕೇಳಿ, ಡಾಕ್ಟರಮ್ಮನಿಗೆ ಈ ಪಾಠ ಮಾಡಬಾರದೆಂದೂ, ಮಾಡಿದರೆ ನನ್ನನ್ನೇ ಆಸ್ಪತ್ರೆಗೆ ಸೇರಿಸಿಕೊಂಡಾರೆಂದೂ ಬುದ್ಧಿ ಹೇಳಿದ.

ಆದರೂ ವಿಶಾಲಾಕ್ಷಿಯನ್ನು ಕರೆದುಕೊಂಡು ಚಿಕ್ಕಮಗಳೂರಿಗೆ ಹೋದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಸ್ಟೆತಸ್ಕೋಪು ಮುಟ್ಟುವ ಮೊದಲೇ ಮಾತಿಗೆ ಕುಳಿತರು. ಏನು ಉಣ್ಣುತ್ತೀರಿ, ಯಾವಾಗ ಏಳುತ್ತೀರಿ, ಮಲಗುವ ಕೋಣೆಯ ಕಿಟಕಿ ಯಾವ ಕಡೆಗಿದೆ ಎಂದೆಲ್ಲ ಹೆಣ್ಣು ನೋಡಲು ಬಂದ ಹಿರಿಯರಂತೆ ವಿಚಾರಿಸಿದರು. ಆಮೇಲೆ, ಉಸಿರು ಕಟ್ಟುವುದು ಹೂವು ಅರಳುವ ಮುಂಚೆಯೋ, ಅರಳಿದ ಮೇಲೋ ಎಂದು ಕೇಳಿದರು. ಹೂವಾದಾಗಲೇ ಎಂದು ನಾನು ಉತ್ತರಿಸಿದೆ.

“ನೀವಲ್ಲ ಸರ್, ಅವ್ರು ಹೇಳ್ಲಿ,” ಎಂದರು ಡಾಕ್ಟರಮ್ಮ.

ವಿಶಾಲಾಕ್ಷಿ ಸೀರೆಯ ಅಂಚನ್ನು ಸರಿಮಾಡಿಕೊಂಡು, “ಮುಂಚೇನೇ ಶುರುವಾಗತ್ತೆ. ಕೆಲವು ಸಲ ಮಳೆನೂ ಬಿದ್ದಿರಲ್ಲ,” ಎಂದಳು.

ಆ ಹೊತ್ತಿನಲ್ಲಿ ಮನೆಯಲ್ಲಿ ಏನು ಕೆಲಸ ನಡೆಯುತ್ತದೆ ಎಂಬುದು ಮುಂದಿನ ಪ್ರಶ್ನೆ. ಕಾಳುಮೆಣಸು ಕುಯ್ದು, ಒಣಗಿಸಿ, ಚೀಲ ತುಂಬುವ ಹೊತ್ತು ಅದು ಎಂದಳು. ಹಿಂದಿನ ಮಳೆಗಾಲವನ್ನೆಲ್ಲ ಅಟ್ಟದ ಮೇಲೆ ಕಳೆದ ಹಳೆಯ ಗೋಣಿಚೀಲಗಳನ್ನು ಇಳಿಸಿ, ಕೊಡವಿ, ಹರಿದದ್ದನ್ನು ದಬ್ಬಳದಿಂದ ಹೊಲಿಯುವುದು ತನ್ನ ಪಾಲಿನ ಕೆಲಸವೆಂದಳು. ಎಲ್ಲಿ ಕುಳಿತು ಹೊಲಿಯುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು.

“ಮಲ್ಗೋ ಕೋಣೇಲೇ. ಅಲ್ಲಿ ಬೆಳಕು ಚೆನ್ನಾಗಿ ಬರತ್ತಲ್ಲ.”

ಡಾಕ್ಟರಮ್ಮ ಅದನ್ನು ಬರೆದುಕೊಂಡರು. ಮಳೆಗಾಲದ ಬೂಷ್ಟು, ಗೋಣಿಯ ನಾರು, ಮೆಣಸಿನ ಧೂಳು ಎಲ್ಲವೂ ಅವಳ ಹಾಸಿಗೆಯ ಪಕ್ಕದಲ್ಲಿಯೇ ರಾಶಿ ಬೀಳುತ್ತಿದ್ದವು. ಅದಾದ ಕೆಲವು ದಿನಗಳಿಗೆ ಹೂವು ಅರಳುತ್ತಿತ್ತು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಇಲ್ಲಿ ಕೊಂಬೆ ಮೊದಲೇ ಮುರಿದಿತ್ತು. ಕಾಗೆ ಆಮೇಲೆ ಬಂದು ಕೂತು ಅಪವಾದ ಹೊತ್ತಿತು. ಮೆಣಸು ಮುಗಿಯುವುದೂ ಹೂವಾಗುವುದೂ ಒಂದರ ಬೆನ್ನಿಗೆ ಒಂದು ಬರುವ ಸೀಮೆಯವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

ಹಾಗೆಂದು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ನಾನು ಒಪ್ಪಿದೆನೆಂದು ತಿಳಿಯಬೇಡಿ. ಗೋಧಿ ಬಿಡಿ ಎಂದರು. ಅಕ್ಕಿರೊಟ್ಟಿಯ ಮನೆಯಲ್ಲಿ ಗೋಧಿ ಬಿಡುವುದು ಸಿಗರೇಟು ಮುಟ್ಟದವನು ಸಿಗರೇಟು ಬಿಟ್ಟಷ್ಟೇ ಸುಲಭ. ಹಾಲು ಬಿಡಿ ಎಂದರು. ಕೆಲವು ದಿನ ಬಿಟ್ಟಳು. ಕಾಫಿಯ ಬಣ್ಣ ಬದಲಾಯಿತೇ ಹೊರತು ಉಸಿರು ಬದಲಾಗಲಿಲ್ಲ. ಎಲ್ಲ ಕಾಯಿಲೆಗಳೂ ಕರುಳಿನಲ್ಲಿ ಹುಟ್ಟುತ್ತವೆ ಎಂಬ ಅವರ ಮಾತು, ಎಲ್ಲ ಉಬ್ಬಸವೂ ಹೂವಿನಲ್ಲಿ ಹುಟ್ಟುತ್ತದೆ ಎಂಬ ನಮ್ಮ ಮಾತಿನ ದೂರದ ನೆಂಟನಂತೆಯೇ ನನಗೆ ಕೇಳಿಸಿತು. ಗೋಣಿಯ ವಿಷಯ ಮಾತ್ರ ಬೇರೆ. ಅದನ್ನು ಆಸ್ಪತ್ರೆಯಲ್ಲಿ ಅವಳನ್ನು ಉಳಿಸಿದ ಎದೆಯ ಡಾಕ್ಟರರೂ ಕೇಳಿ ಒಪ್ಪಿದರು. ಆದರೆ ಉಬ್ಬಸ ಉಬ್ಬಸವೇ, ಬಾಯಿಂದ ಔಷಧ ಎಳೆದುಕೊಳ್ಳುವ ಪಫ್ ನಿಲ್ಲಿಸುವ ಹಾಗಿಲ್ಲ ಎಂದರು. ಡಾಕ್ಟರಮ್ಮನೂ ಅದನ್ನೇ ಹೇಳಿದ್ದರಿಂದ ನನಗೆ ಇಬ್ಬರ ಮೇಲೂ ನಂಬಿಕೆ ಹೆಚ್ಚಿತು. ಬೇರು ಎಂಬ ಮಾತನ್ನು ಅತಿಯಾಗಿ ನಂಬಬಾರದೆಂದು ತೋಟದವರಿಗೆ ಗೊತ್ತು. ಕಾಫಿ ಗಿಡಕ್ಕೆ ತಾಯಿಬೇರು ಒಂದೇ ಇರಬಹುದು. ಅದರ ಉಣಿಸೆಲ್ಲ ಬರುವುದು ಮೇಲ್ಮಣ್ಣಿನಲ್ಲಿ ಹರಡಿದ, ಕಣ್ಣಿಗೆ ಬೀಳದ ಕೂದಲಿನಂಥ ಬೇರುಗಳಿಂದ.

ಈ ವರ್ಷ ಗೋಣಿಗಳು ಮನೆಯೊಳಕ್ಕೆ ಬರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಶೆಡ್ಡಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ನಾನೇ ದಬ್ಬಳ ಹಿಡಿದು ಕುಳಿತೆ. ನನ್ನ ಹೊಲಿಗೆಯಲ್ಲಿ ಚೀಲಕ್ಕಿಂತ ಬೆರಳಿಗೆ ಬಿದ್ದ ತೂತುಗಳೇ ಹೆಚ್ಚು. ಮಲ್ಲೇಶಪ್ಪ ಬಂದು ನೋಡಿ, ಫಂಕ್ಷನ್ ಡಾಕ್ಟರ ಔಷಧವನ್ನು ಗಂಡನಿಗೆ ಚುಚ್ಚುವುದೇ ಎಂದು ವಿಚಾರಿಸಿಕೊಂಡು ಹೋದ. ಮಲಗುವ ಕೋಣೆಯನ್ನು ತೊಳೆಸಿ, ಅಟ್ಟವನ್ನು ಬರಿದು ಮಾಡಿಸಿದೆವು. ಹೂಮಳೆ ಬಿತ್ತು. ತಂಗಿ ಕಡೂರಿನಿಂದ ಫೋನು ಮಾಡಿ ಯಾವಾಗ ಬರುತ್ತೀ ಎಂದು ಕೇಳಿದಳು. ವಿಶಾಲಾಕ್ಷಿ, ನೋಡೋಣ ಎಂದಳು. ಹಿಂದಿನ ವರ್ಷ ಮಡಿಚಿಟ್ಟ ಸೀರೆಗಳು ಇನ್ನೂ ಪೆಟ್ಟಿಗೆಗೆ ಹೋಗಿರಲಿಲ್ಲ, ಬೀರುವಿಗೂ ಮರಳಿರಲಿಲ್ಲ. ಆ ದಿನಗಳಲ್ಲಿ ನಾನು ಬೆಳಗಿನ ಜಾವ ಎಚ್ಚರಗೊಂಡು ಅವಳ ಉಸಿರನ್ನು ಆಲಿಸುತ್ತ ಮಲಗಿರುತ್ತಿದ್ದೆ. ಅದು ಬರುತ್ತಿತ್ತು, ಹೋಗುತ್ತಿತ್ತು. ಕೇಳುತ್ತ ಕೇಳುತ್ತ ಅದು ಅವಳದೋ, ಹೊರಗೆ ಮರಗಳಲ್ಲಿ ಸುಳಿಯುವ ಗಾಳಿಯದೋ ತಿಳಿಯದಂತಾಗಿ ಮತ್ತೆ ನಿದ್ದೆ ಹತ್ತುತ್ತಿತ್ತು.

ಹೂವಾಯಿತು. ಒಂದು ಸಲ ಸಣ್ಣಗೆ ಸಿಳ್ಳೆ ಕೇಳಿಸಿತು, ಪಫ್ ತೆಗೆದುಕೊಂಡಳು, ನಿಂತಿತು. ಅಷ್ಟೇ. ಆದರೆ ಒಂದು ವರ್ಷದ ಸುಖವನ್ನು ಪ್ರಮಾಣವೆಂದು ಒಪ್ಪುವವನು ನಾನಲ್ಲ. ಗೋಣಿಯೇ ಕಾರಣವೆಂದು ಖಚಿತವಾಗಬೇಕಾದರೆ ಅದನ್ನು ಮತ್ತೆ ಒಳಗೆ ತಂದು ನೋಡಬೇಕಲ್ಲವೇ ಎಂದು ಅವಳಲ್ಲಿ ತರ್ಕ ಮಂಡಿಸಿದೆ.

“ನಿಮ್ ತರ್ಕಕ್ಕೆ ನನ್ ಎದೆನೇ ಬೇಕಾ,” ಎಂದಳು. “ನಿಮ್ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲ್ಗಿ, ಏನಾಗತ್ತೆ ನೋಡೋಣ.”

ಮರುದಿನ ಬೆಳಗ್ಗೆ ನಾವಿಬ್ಬರೂ ತೋಟಕ್ಕೆ ಇಳಿದೆವು. ಬಿಸಿಲು ಇನ್ನೂ ಬಂದಿರಲಿಲ್ಲ. ಅವಳು ಬಿಳಿಯ ರೆಂಬೆಗಳ ನಡುವೆ ನಿಧಾನವಾಗಿ ನಡೆದಳು. ಮಂಜಿನಲ್ಲಿ ಸ್ವಲ್ಪ ಮಾಯವಾಗುವಳು, ಸ್ವಲ್ಪ ಕಾಣಿಸುವಳು. ಒಂದು ರೆಂಬೆಯನ್ನು ಬಗ್ಗಿಸಿ ಮುಖಕ್ಕೆ ಹಿಡಿದು ಉಸಿರೆಳೆದಾಗ ನಾನು ನನ್ನ ಉಸಿರನ್ನು ಹಿಡಿದುಕೊಂಡೆ. ಏನೂ ಆಗಲಿಲ್ಲ. ಬರೀ ಚೆನ್ನಾಗಿದೆ ಎನ್ನುತ್ತಿದ್ದಿರಲ್ಲ, ನೀವು ಹೇಳಿದ್ದು ಏನೇನೂ ಸಾಲದು ಎಂದಳು. ಹೋಗಲಿ, ಕಾಯಿಲೆಯ ಮೂಲವಂತೂ ಸಿಕ್ಕಿತಲ್ಲ, ಕಡೂರಿನಲ್ಲಿ ಗುಣವಾಗುತ್ತಿದ್ದದ್ದು ಅಲ್ಲಿ ಹೂವಿಲ್ಲವೆಂದಲ್ಲ, ಗೋಣಿಯಿಲ್ಲವೆಂದು, ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಗೆಲವು ಇದ್ದಿರಬೇಕು.

“ಅಲ್ಲಿ ಹೂವೂ ಇರ್ಲಿಲ್ಲ, ಗೋಣಿನೂ ಇರ್ಲಿಲ್ಲ, ನಿಜ,” ಎಂದಳು ವಿಶಾಲಾಕ್ಷಿ, ರೆಂಬೆಯನ್ನು ಬಿಡದೆಯೇ. “ನೀವೂ ಇರ್ಲಿಲ್ವಲ್ರೀ. ಅದನ್ನ ಯಾರು ವಿಚಾರ ಮಾಡಿದ್ರು?”

ಈ ಆಕ್ಷೇಪಕ್ಕೆ ನನ್ನ ಬಳಿ ಈವರೆಗೂ ಸಮಾಧಾನವಿಲ್ಲ. ತರ್ಕದ ದೃಷ್ಟಿಯಿಂದ ಅದು ನಿರ್ದುಷ್ಟವಾಗಿದೆ. ಆದುದರಿಂದ ನನ್ನ ಮಾತನ್ನು ನಂಬಿರೆಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಸಂಶಯವಿರುವವರು ಮುಂದಿನ ಹೂಮಳೆ ಬಿದ್ದು ವಾರ ಕಳೆದ ಮೇಲೆ ಜಾವಳಿಯ ಕಡೆಗೆ ಬರಬಹುದು. ಸಾಕ್ಷಿ ತೋಟದಲ್ಲಿಯೇ ಓಡಾಡಿಕೊಂಡಿರುತ್ತಾಳೆ, ಗಟ್ಟಿಯಾಗಿ ಉಸಿರಾಡುತ್ತಾಳೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ. ಪರೀಕ್ಷೆ ಶುದ್ಧವಾಗಿರಲೆಂದು ಆ ಹೊತ್ತಿನಲ್ಲಿ ನಾನು ಸ್ವಲ್ಪ ದೂರ ನಿಂತಿರುತ್ತೇನೆ.