ಇಸ್ತ್ರಿಯಕ್ಕ ಕೆಸರಿಗಿಳಿದದ್ದು

ಆ ದೊಡ್ಡ ಲಾಂಡ್ರಿಯ ಇಸ್ತ್ರಿ ಹಾಲ್‌ನಲ್ಲಿ ದುಡಿಯುವ ಹೆಂಗಸರು ನೀರು ಕುಡಿಯುತ್ತಿರಲಿಲ್ಲ. ಬಾಯಾರಿಕೆ ಇರಲಿಲ್ಲವೆಂದಲ್ಲ. ಹೋಟೆಲುಗಳ, ಆಸ್ಪತ್ರೆಗಳ ಬಿಳಿ ಹಾಸುಗಳು ಕಾದ ರೋಲರಿನ ಒಂದು ಕಡೆ ಒದ್ದೆಯಾಗಿ ಹೋಗಿ ಇನ್ನೊಂದು ಕಡೆ ಗರಿಗರಿಯಾಗಿ ಬರುತ್ತಿದ್ದವು. ನಡುವೆ ಹೋದ ನೀರೆಲ್ಲ ಹಬೆಯಾಗಿ ಹೆಂಗಸರ ಮುಖಕ್ಕೇ ಬಂದು ಬಡಿಯುತ್ತಿತ್ತು. ಗಂಟಲು ಒಣಗಿ ಮರಳಾಗುತ್ತಿತ್ತು. ಆದರೆ ಕುಡಿದ ನೀರು ಒಳಗೇ ಕೂರುವುದಿಲ್ಲವಲ್ಲ. ಹೆಂಗಸರ ಶೌಚಾಲಯ ಇದ್ದದ್ದು ಲಾರಿಗಳು ನಿಲ್ಲುವ ಅಂಗಳದ ಆಚೆ, ಬಾಯ್ಲರ್ ಕೋಣೆಯ ಬೆನ್ನಿಗೆ. ಅದಕ್ಕೊಂದು ಬೀಗ. ಬೀಗದ ಕೈ ಮೇಲ್ವಿಚಾರಕನ ಸೊಂಟದಲ್ಲಿ. ಹೋಗಿ ಕೇಳಬೇಕು. ಕೇಳಿದರೆ ಅವನು ಮೊದಲು ಗಡಿಯಾರ ನೋಡುತ್ತಿದ್ದ, ಆಮೇಲೆ ಕೇಳಿದವಳ ಮುಖ ನೋಡುತ್ತಿದ್ದ, ಕೊನೆಗೆ ಇಡೀ ಹಾಲಿಗೆ ಕೇಳುವಂತೆ “ಮತ್ತೆನಾ?” ಅನ್ನುತ್ತಿದ್ದ.

ಅವನು ರಾಕ್ಷಸನೇನಲ್ಲ. ಒಬ್ಬಳು ಎದ್ದು ಹೋದರೆ ರೋಲರ್ ನಿಲ್ಲಿಸಬೇಕು, ನಿಲ್ಲಿಸಿದರೆ ಮೇಲಿನ ಮಹಡಿಯಿಂದ ಅವನಿಗೆ ಬೈಗುಳ. ಆದರೆ ಬೈಗುಳ ಮೇಲಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ, ಕಟ್ಟಕಡೆಗೆ ನಿಂತವರ ಮೈಯಲ್ಲಿ ಇಂಗುತ್ತದೆ. ಆ ಒಂದು “ಮತ್ತೆನಾ?”ಕ್ಕೆ ನಾಚಿ, ಹಾಲಿನ ಹೆಂಗಸರು ಬೆಳಗ್ಗೆ ಮನೆ ಬಿಡುವಾಗಲೇ ನೀರಿಗೆ ಬೆನ್ನು ತಿರುಗಿಸಿ ಬರುತ್ತಿದ್ದರು. ಸಂಜೆ ಮನೆ ಸೇರಿದ ಮೇಲೆ ಚೊಂಬೆತ್ತಿ ಗಟಗಟನೆ ಕುಡಿಯುವುದು. ಹೊಸದಾಗಿ ಸೇರಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ವಾರ ಅವನ ಬಾಯಿಗೆ ಬಿದ್ದರೆ ಸಾಕು, ಮೈ ತಾನೇ ಕಲಿಯುತ್ತಿತ್ತು.

ಇಸ್ತ್ರಿಯಕ್ಕ ಕಲಿತು ಎಷ್ಟೋ ಕಾಲವಾಗಿತ್ತು. ಮದುವೆಯಾದ ಹೊಸತರಲ್ಲಿ ಆ ಹಾಲಿಗೆ ಬಂದವಳು. ಈಗ ಕೂದಲು ಅರ್ಧ ಬೆಳ್ಳಗಾಗಿದೆ. ರೋಲರಿನಿಂದ ಇಳಿಯುವ ಹಾಸಿನ ಎರಡು ಮೂಲೆ ಹಿಡಿದು, ಎದುರಿಗಿದ್ದವಳ ಜತೆ ಒಮ್ಮೆ ಝಾಡಿಸಿ ಕೊಡವಿ, ಮಡಚಿ, ಮತ್ತೆ ಮಡಚಿ ಅಟ್ಟಿಗಿಡುವುದು ಅವಳ ಕೆಲಸ. ಹಾಲಿನಲ್ಲೂ ಬೀದಿಯಲ್ಲೂ ಎಲ್ಲರಿಗೂ ಇಸ್ತ್ರಿಯಕ್ಕ. ಹೆತ್ತವರು ಇಟ್ಟ ಹೆಸರು ಗಂಡನಿಗೂ ಥಟ್ಟನೆ ಬಾಯಿಗೆ ಬರುತ್ತಿರಲಿಲ್ಲ.

ಹಿಂದಿನ ವರ್ಷ ಅವಳ ಸೊಂಟದ ಪಕ್ಕ ನೋವು ಹತ್ತಿತ್ತು, ಉರಿ ಶುರುವಾಗಿತ್ತು, ಕಿಡ್ನಿಯಲ್ಲಿ ಕಲ್ಲಾಗಿದೆ ಎಂದಿದ್ದರು. ನೀರು ಕುಡಿಯಮ್ಮ, ಔಷಧಿಗಿಂತ ಅದೇ ಮುಖ್ಯ ಎಂದರು ಡಾಕ್ಟರು. ಅವಳು ತಲೆಯಾಡಿಸಿದಳು. ಡಾಕ್ಟರ ಮುಂದೆ ತಲೆಯಾಡಿಸುವುದು, ಮೇಲ್ವಿಚಾರಕನ ಮುಂದೆ ತಲೆ ತಗ್ಗಿಸುವುದು, ಅವಳ ತಲೆಗೆ ಇದೇ ಕೆಲಸವಾಯಿತು. ನೀರು ಕುಡಿಯದ ಕಾರಣ ಮನೆಯಲ್ಲಿ ಹೇಳಿರಲಿಲ್ಲ. ಹೇಳುವಂಥದ್ದೇ ಅದು?

ಹೀಗಿರುವಾಗ ಮ್ಯಾನೇಜರಿಗೆ ಓಟದ ಹುಚ್ಚು ಹಿಡಿಯಿತು. ಸುಮ್ಮನೆ ಓಟವಲ್ಲ, ಕೆಸರಿನಲ್ಲಿ ಅಡ್ಡಿಗಳ ಓಟ. ಲಾಂಡ್ರಿಯ ಹಿಂದಿನ ಬಯಲಿನಲ್ಲಿ ಹಲಗೆಯ ಗೋಡೆ ನಿಲ್ಲಿಸುವುದು, ಹಗ್ಗ ಕಟ್ಟುವುದು, ಸಿಮೆಂಟಿನ ಪೈಪು ಹೂಳುವುದು, ಗುಂಡಿ ತೋಡಿ ಟ್ಯಾಂಕರಿನಲ್ಲಿ ನೀರು ತಂದು ಕೆಸರು ಕಲೆಸುವುದು. ಅದೂ ನಡು ಬೇಸಿಗೆಯಲ್ಲಿ. ಪ್ರತಿ ವಿಭಾಗದಿಂದ ಮೂವರ ತಂಡ ಓಡಬೇಕು, ಇದರಿಂದ ಒಗ್ಗಟ್ಟು ಬೆಳೆಯುತ್ತದೆಯಂತೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಈಗೀಗ ಆ ಬಾವಿಗೊಂದು ಬಣ್ಣದ ಬ್ಯಾನರನ್ನೂ ಕಟ್ಟುತ್ತಾರೆ.

ಆದರೆ ಮ್ಯಾನೇಜರ್ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಮೈಕಿನಲ್ಲಿ ಒಂದು ಮಾತು ಕೊಟ್ಟ. ಯಾವ ತಂಡದ ಮೂವರೂ ಕೊನೆಯ ಗೆರೆ ದಾಟುತ್ತಾರೋ, ಆ ವಿಭಾಗ ತನಗೆ ಬೇಕಾದ್ದೊಂದು ಕೇಳಬಹುದು, ಇಲ್ಲವೆನ್ನುವುದಿಲ್ಲ ಎಂದ. ಆಫೀಸಿನವರು ಕಾಫಿ ಯಂತ್ರ ಕೇಳುವುದೆಂದು ಆಗಲೇ ಮಾತಾಡಿಕೊಂಡರು. ಡ್ರೈವರುಗಳು ಹೊಸ ಸೀಟು ಎಂದರು. ಇಸ್ತ್ರಿ ಹಾಲಿನವರು ಊಟದ ಡಬ್ಬಿ ಬಿಚ್ಚಿ ಕೂತಾಗ ಯಾರೂ ಚರ್ಚೆಯನ್ನೇ ಮಾಡಲಿಲ್ಲ. ಒಗೆಯುವ ಯಂತ್ರದಿಂದ ಹಾಸು ಎತ್ತಿ ಕೊಡುವ ದಪ್ಪ ದನಿಯ ಹೆಂಗಸನ್ನು ಅವರು ಗುಡುಗು ಎಂದು ಕರೆಯುತ್ತಿದ್ದರು. ಅವಳು ಕೈ ತೊಳೆದುಕೊಳ್ಳುತ್ತ ಹೇಳಿದಳು:

“ಹಾಲಿನ ಪಕ್ಕಕ್ಕೆ ಒಂದು ಕೋಣೆ. ಒಂದು ಬಾಗಿಲು, ಒಳಗಡೆಯಿಂದ ಚಿಲಕ. ನಾನಂತೂ ಓಡ್ತೀನಿ.”

ರೋಲರಿಗೆ ಹಾಸು ಕೊಡುವ ಹುಡುಗಿ ತಾನೂ ಓಡುತ್ತೇನೆಂದಳು. ಮದುವೆಯಾಗಿ ಎರಡು ಬೇಸಿಗೆ ಕಳೆದರೂ ಅವಳಿನ್ನೂ ಹಾಲಿನವರ ಬಾಯಲ್ಲಿ ಹೊಸ ಸೊಸೆಯೇ. ಮೂರನೆಯವಳು ಯಾರು ಎಂದಾಗ ಒಬ್ಬೊಬ್ಬರೂ ತಮ್ಮ ಡಬ್ಬಿಯ ತಳ ನೋಡತೊಡಗಿದರು. ಇಸ್ತ್ರಿಯಕ್ಕ ಎದ್ದಳು. ನಿನ್ನ ವಯಸ್ಸೇನು, ನಿನ್ನ ಸೊಂಟವೇನು ಎಂದು ಎಲ್ಲರೂ ಮೇಲೆ ಬಿದ್ದರು. ಆ ಸೊಂಟಕ್ಕಾಗಿಯೇ ಹೋಗುವುದು ಎಂದು ಅವಳು ಡಬ್ಬಿ ಮುಚ್ಚಿದಳು.

ಮನೆಯಲ್ಲಿ ಕೆಸರಿನ ಓಟದ ಸುದ್ದಿ ಕೇಳಿ ಗಂಡ ನಕ್ಕ. ಬ್ಯಾಂಕಿನ ಬಾಗಿಲಲ್ಲಿ ದಿನವಿಡೀ ನಿಲ್ಲುವ ಕಾವಲುಗಾರ ಅವನು. ತಾನು ನಿಂತು ಸಂಬಳ ತರುವುದು, ಹೆಂಡತಿ ಹೊರಳಿ ಸಂಬಳ ತರುವುದು, ಚೆನ್ನಾಗಿದೆ ಸಂಸಾರ ಎಂದ. ಮೂಲೆಯ ಮಂಚದಿಂದ ಅತ್ತೆ ತಲೆ ಎತ್ತಿದಳು.

“ಎಮ್ಮೆಗಳು ಯಾರೂ ಹೇಳದೇನೇ ಕೆಸರಲ್ಲಿ ಹೊರಳ್ತವೆ. ನಿಮ್ಮ ಸಾಹೇಬ್ರಿಗೆ ಅದಕ್ಕೂ ಮೈಕು ಬೇಕಾ?”

ಇಸ್ತ್ರಿಯಕ್ಕ ನಕ್ಕಳೇ ಹೊರತು ಬಾಗಿಲಿನ ವಿಷಯ ಬಾಯಿಬಿಡಲಿಲ್ಲ.

ಊಟದ ಬಿಡುವಿನಲ್ಲಿ ಮೂವರೂ ಅಭ್ಯಾಸ ಮಾಡಿದರು. ಕೊಳೆ ಬಟ್ಟೆಯ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಮಾಡಿಕೊಂಡು ಹತ್ತಿದರು, ಜಾರಿದರು, ಬಿದ್ದರು. ಮಡಚುವ ಮೇಜಿನ ಕೆಳಗೆ ತೆವಳಿದರು. ಮೇಲ್ವಿಚಾರಕ ಬಾಗಿಲಲ್ಲಿ ನಿಂತು, ಇಷ್ಟು ಚುರುಕು ಕೆಲಸದಲ್ಲಿ ತೋರಿಸಿದ್ದರೆ ತಾನು ಇಷ್ಟೊತ್ತಿಗೆ ಮ್ಯಾನೇಜರ್ ಆಗಿರುತ್ತಿದ್ದೆ ಎಂದು ಕುಟುಕಿದ. ಮೂಟೆಯ ತುದಿಯಿಂದ ಗುಡುಗು, ನೀವು ಮ್ಯಾನೇಜರ್ ಆದರೆ ಬೀಗದ ಕೈಗೆ ಸೊಂಟ ಎಲ್ಲಿಂದ ತರೋಣ ಸಾರ್ ಎಂದು ಕೇಳಿದಳು. ಹಾಲೆಲ್ಲ ನಕ್ಕಿತು. ಅವನೂ ಅರ್ಧ ನಕ್ಕು ಹೋದ.

ಓಟದ ದಿನ ಸೂರ್ಯ ನೆತ್ತಿಗೇರುವ ಮೊದಲೇ ನೆಲ ಕಾದ ಹೆಂಚಾಗಿತ್ತು. ಹಿಂದಿನ ಸಂಜೆ ಕಲೆಸಿದ ಕೆಸರಿನ ಅಂಚು ಆಗಲೇ ಬಿರುಕು ಬಿಟ್ಟಿತ್ತು. ಶಾಮಿಯಾನದ ನೆರಳಿನಲ್ಲಿ ಮ್ಯಾನೇಜರ್, ಫ್ಯಾನು, ತಂಪು ಪಾನೀಯ. ಪ್ರತಿ ಅಡ್ಡಿಯ ಪಕ್ಕದಲ್ಲೂ ಒಂದೊಂದು ಮೇಜು, ಅದರ ಮೇಲೆ ಸಾಲಾಗಿ ನೀರಿನ ಲೋಟಗಳು. ಯಾರಾದರೂ ಎಷ್ಟಾದರೂ ಕುಡಿಯಬಹುದಿತ್ತು. ಬಯಲಿನ ತುದಿಯಲ್ಲಿ ಬಾಡಿಗೆಗೆ ತಂದ ಶೌಚಾಲಯಗಳೂ ನಿಂತಿದ್ದವು. ಯಾವುದಕ್ಕೂ ಬೀಗವಿರಲಿಲ್ಲ.

ಪೀಪಿ ಊದಿದರು, ಓಡಿದರು. ಮೊದಲ ಹಲಗೆ ಗೋಡೆಗೆ ಗುಡುಗು ಬೆನ್ನು ಬಗ್ಗಿಸಿದಳು. ಹೊಸ ಸೊಸೆ ಅವಳ ಮೇಲೆ ಕಾಲಿಟ್ಟು ಗೋಡೆಯೇರಿ ಕುದುರೆ ಸವಾರನಂತೆ ಕೂತಳು. ಇಸ್ತ್ರಿಯಕ್ಕನನ್ನು ಮೇಲಿನವಳು ಎಳೆಯುವುದು, ಕೆಳಗಿನವಳು ಎತ್ತುವುದು. ಹಾಸು ಕೊಡವುವಾಗ ಇಬ್ಬರ ಕೈ ಒಂದೇ ಏಟಿಗೆ ಏಳುವ ಹಾಗೆ, ಹೂಂ ಅನ್ನುವಷ್ಟರಲ್ಲಿ ಅವಳು ಆಚೆಗಿದ್ದಳು. ಆಫೀಸಿನ ತಂಡ ಇನ್ನೂ ಗೋಡೆಯ ಬುಡದಲ್ಲಿ, ಮೊದಲು ಯಾರು ಹತ್ತಬೇಕೆಂದು ಸಭೆ ನಡೆಸುತ್ತಿತ್ತು.

ನೀರಿನ ಮೇಜು ಬಂತು. ಮುಂದಿದ್ದ ಡ್ರೈವರುಗಳು ಲೋಟದ ಮೇಲೆ ಲೋಟ ಏರಿಸುತ್ತಿದ್ದರು. ಮೂವರೂ ಒಂದೊಂದು ಲೋಟ ಎತ್ತಿಕೊಂಡರು, ಬಾಯಿ ಮುಕ್ಕಳಿಸಿ ಉಗಿದರು, ಉಳಿದದ್ದನ್ನು ನೆತ್ತಿಗೆ ಸುರಿದುಕೊಂಡು ಓಡಿದರು. ಹನಿಯೂ ಗಂಟಲಿಗಿಳಿಯಲಿಲ್ಲ. ಒಬ್ಬರಿಗೊಬ್ಬರು ಹೇಳಿಕೊಂಡು ಮಾಡಿದ್ದಲ್ಲ ಇದು, ಮಾಡಿದೆವೆಂಬುದೂ ಅವರಿಗೆ ಗೊತ್ತಾಗಲಿಲ್ಲ. ಮುಂದಿನ ಮೇಜಿನಲ್ಲೂ ಅದೇ, ಅದರಾಚೆಯದರಲ್ಲೂ ಅದೇ. ಕೆಲಸದ ದಿನ ಬೇರೆ, ಇವತ್ತು ಬೇರೆ ಎಂಬುದು ತಲೆಗೆ ಗೊತ್ತಿತ್ತು. ಗಂಟಲಿಗೆ ಗೊತ್ತಿರಲಿಲ್ಲ.

ಪೈಪಿನ ಬಾಯಿಯಲ್ಲಿ ಹೊಸ ಸೊಸೆ ನಿಂತುಬಿಟ್ಟಳು, ಕತ್ತಲೆ ಅಂದರೆ ಆಗುವುದಿಲ್ಲ ಎಂದಳು. ಇಸ್ತ್ರಿಯಕ್ಕ ತಾನೇ ಮೊದಲು ನುಗ್ಗಿ, ಹಿಂದಕ್ಕೆ ಕಾಲು ಚಾಚಿ, ತನ್ನ ಕಾಲ ಹಿಮ್ಮಡಿ ಹಿಡಿದುಕೊಂಡೇ ಬಾ, ಕಣ್ಣು ಮುಚ್ಚಿಕೋ ಎಂದಳು. ಆಚೆ ತುದಿಯಲ್ಲಿ ಹೊರಬಂದಾಗ ಮೂವರ ಮುಖವೂ ಒಂದೇ ಬಣ್ಣ. ಡ್ರೈವರುಗಳಲ್ಲಿ ಒಬ್ಬ ಹಗ್ಗದಿಂದ ಬಿದ್ದು ಕಾಲು ಉಳುಕಿಸಿಕೊಂಡು ಕೂತಿದ್ದ. ಬೇಲಿಯಾಚೆ ನಿಂತ ಹಾಲಿನ ಹೆಂಗಸರು ಕುಣಿಯತೊಡಗಿದರು. ಮುಂದೆ ಯಾರೂ ಇರಲಿಲ್ಲ. ಉಳಿದದ್ದು ಕೊನೆಯ ಗುಂಡಿ, ಅದರಾಚೆ ಸುಣ್ಣದ ಗೆರೆ.

ಗುಂಡಿಯ ಮೇಲೆ ತಗ್ಗಾಗಿ ಹಗ್ಗದ ಬಲೆ. ಹೊಟ್ಟೆಯ ಮೇಲೆ ತೆವಳಬೇಕು. ಇಸ್ತ್ರಿಯಕ್ಕ ಇಳಿದಳು. ಅರ್ಧಕ್ಕೆ ಬರುವಾಗ ಮೈಯ ಬೆವರು ನಿಂತುಹೋಗಿತ್ತು. ಕೆಸರು ತಣ್ಣಗಿದೆಯಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು. ಸೊಂಟದ ಪಕ್ಕ ಯಾರೋ ಕಾದ ಇಸ್ತ್ರಿ ಇಟ್ಟ ಹಾಗಿತ್ತು. ಮುಂದೆ ಬಿಸಿಲು ಬೆಳ್ಳಗೆ ಹಾಸಿನಂತೆ ತೇಲಿ ಬರುತ್ತಿತ್ತು. ಅದರ ಮೂಲೆ ಹಿಡಿಯಲು ಅವಳು ಕೈ ಎತ್ತಿದಳು. ಬಲೆಯಿಂದ ಹೊರಗೆ ಬಂದು, ಎದ್ದು ನಿಂತು, ಗೆರೆಯತ್ತ ಹೆಜ್ಜೆ ಇಟ್ಟವಳು ಮಂಡಿಯೂರಿ ಹಾಗೇ ಮಗ್ಗುಲಿಗೆ ಬಿದ್ದಳು.

ಗೆರೆ ಅಲ್ಲೇ ಇತ್ತು. ಹೊಸ ಸೊಸೆ ಅಳುತ್ತ ಅವಳ ರಟ್ಟೆ ಹಿಡಿದಳು. “ಎಳ್ಕೊಂಡು ಹೋಗೋಣ, ಇಲ್ಲೇ ಇದೆ.”

ಗುಡುಗು ಇಸ್ತ್ರಿಯಕ್ಕನ ಕೆನ್ನೆ ಮುಟ್ಟಿ ನೋಡಿದಳು. ಒಣಗಿ ಕಾದ ಹೆಂಚು. “ಹೆಣ ಎಳ್ಕೊಂಡು ಹೋಗಿ ಬಾಗಿಲು ಕೇಳೋಣ್ವಾ? ಕೂತ್ಕೋ. ನೆರಳು ಮಾಡು.”

ಇಬ್ಬರೂ ಬಿಸಿಲಿಗೆ ಬೆನ್ನು ಕೊಟ್ಟು ಅವಳ ಮೇಲೆ ಬಾಗಿ ಕೂತರು. ಓಟದ ವಿವರ ಹೇಳುತ್ತಿದ್ದವನು ಒಂದು ಕೈಯಲ್ಲಿ ಮೈಕು, ಒಂದು ಕೈಯಲ್ಲಿ ಲೋಟ ಹಿಡಿದು ಓಡಿ ಬಂದ. ಗಾಬರಿಯಲ್ಲಿ ಮೈಕು ಆರಿಸುವುದನ್ನು ಮರೆತಿದ್ದ. ಲೋಟ ತುಟಿಗೆ ತಂದರೆ ಇಸ್ತ್ರಿಯಕ್ಕ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಕುಡಿಯಮ್ಮ, ಯಾಕೆ ಕುಡಿಯೋದಿಲ್ಲ ಎಂದು ಅವನು ಗೋಗರೆದ. ಕಣ್ಣು ಮುಚ್ಚಿಕೊಂಡೇ ಅವಳು ಹೇಳಿದ್ದು ಬಯಲಿನ ನಾಲ್ಕೂ ಕಂಬದ ಧ್ವನಿವರ್ಧಕದಲ್ಲಿ ಕೇಳಿಸಿತು.

“ಕುಡಿದ್ರೆ ಆಮೇಲೆ ಎಲ್ಲಿಗೆ ಹೋಗ್ಲಿ ಸಾರ್? ಅವ್ರು ಕೀ ಕೊಡಲ್ಲ.”

ಶಾಮಿಯಾನದ ಕಡೆ ಒಂದಿಬ್ಬರು ನಕ್ಕರು. ಜ್ವರದ ಬಡಬಡಿಕೆ ಎಂದುಕೊಂಡಿರಬೇಕು. ಬೇಲಿಯ ಬಳಿ ಯಾರೂ ನಗಲಿಲ್ಲ. ಮೇಲ್ವಿಚಾರಕ ಅಂಗಿಯ ತುದಿಯನ್ನು ಸೊಂಟದ ಮೇಲೆ ಎಳೆದುಕೊಂಡ.

ಆಸ್ಪತ್ರೆಯಲ್ಲಿ ಅವಳ ಕೈಗೆ ಬಾಟಲಿಯಿಂದ ನೀರು ಇಳಿಯಿತು. ಬಾಯಿಯಿಂದ ಹೋಗಬೇಕಾದದ್ದನ್ನು ಸೂಜಿಯಿಂದ ಹಾಕಿಸಿಕೊಳ್ಳುವ ಗತಿ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅತ್ತೆ ಚೊಂಬು ಹಿಡಿದು ಕೂತಿದ್ದಳು. ಗುಡುಗು ಎಲ್ಲ ಹೇಳಿಬಿಟ್ಟಿದ್ದಳು. ಮುದುಕಿ ಬೈಯುತ್ತಾಳೆಂದು ಇಸ್ತ್ರಿಯಕ್ಕ ಕಾದಳು. ಅತ್ತೆ ಚೊಂಬನ್ನೇ ನೋಡುತ್ತ ಹೇಳಿದಳು:

“ನಮ್ಮ ಕಾಲದಲ್ಲಿ ಬಯಲಿಗೆ ಹೋಗ್ತಿದ್ವಿ. ಮರೆ ಇರ್ಲಿಲ್ಲ, ನಿಜ. ಬೀಗಾನೂ ಇರ್ಲಿಲ್ಲ ಕಣಮ್ಮ.”

ಗೆರೆ ದಾಟದ ತಂಡಕ್ಕೆ ಕೇಳುವ ಹಕ್ಕಿಲ್ಲ ಎಂದು ಮೇಲಿನ ಮಹಡಿಯಲ್ಲಿ ತೀರ್ಮಾನವಾಯಿತು. ಆದರೆ ಕಂಪನಿಗೆ ಕರುಣೆ ಇಲ್ಲವೆನ್ನಬಾರದಲ್ಲ. ಇಸ್ತ್ರಿಯಕ್ಕ ಕೆಲಸಕ್ಕೆ ಮರಳಿದ ದಿನ ಹಾಲಿನ ಪ್ರತಿ ಹೆಂಗಸಿಗೂ ಒಂದೊಂದು ನೀಲಿ ನೀರಿನ ಬಾಟಲಿ ಹಂಚಿದರು. ಅದರ ಮೇಲೆ ಅಚ್ಚು: ‘ನೀರು ಕುಡಿಯಿರಿ, ಆರೋಗ್ಯವಾಗಿರಿ.’ ಮೂಗಿಗೆ ತುಪ್ಪ ಸವರುವುದನ್ನು ಕೇಳಿದ್ದೇವೆ. ಇವರು ಮೂಗು ಕಟ್ಟಿ ತುಪ್ಪ ಸವರಿದರು. ಹಂಚುವಾಗ ಫೋಟೋ ಕೂಡ ತೆಗೆದರು.

ಫೋಟೋದವನು ಹೋದ ಮೇಲೆ ಇಸ್ತ್ರಿಯಕ್ಕ ತನ್ನ ಬಾಟಲಿಯನ್ನು ನಲ್ಲಿಗೆ ಹಿಡಿದಳು. ತುಂಬಿಸಿ, ರೋಲರಿನ ಪಕ್ಕ ನಿಂತು, ಎಲ್ಲರೂ ನೋಡುತ್ತಿರುವಂತೆ ಪೂರ್ತಿ ಕುಡಿದಳು. ಮೊದಲ ಗುಟುಕು ಇಳಿಯಲಿಲ್ಲ, ಗಂಟಲು ಮುಷ್ಕರ ಹೂಡಿತು. ಎರಡನೆಯದು ಇಳಿಯಿತು. ಗುಡುಗು ಅವಳನ್ನು ನೋಡಿದಳು, ತಾನೂ ತುಂಬಿಸಿಕೊಂಡಳು. ಹೊಸ ಸೊಸೆ ತುಂಬಿಸಿಕೊಂಡಳು. ಆಮೇಲೆ ನಲ್ಲಿಯ ಮುಂದೆ ಸಾಲೇ ನಿಂತಿತು.

ಸ್ವಲ್ಪ ಹೊತ್ತಿಗೆ ಇಸ್ತ್ರಿಯಕ್ಕ ಮೇಲ್ವಿಚಾರಕನ ಮುಂದೆ ಹೋಗಿ ಕೈ ಚಾಚಿದಳು. ಅವನು ಗಡಿಯಾರ ನೋಡಿದ, ಮುಖ ನೋಡಿದ, ಬಾಯಿ ತೆರೆದ, ಮುಚ್ಚಿ ಕೀ ಕೊಟ್ಟ. ರೋಲರ್ ನಿಂತಿತು. ಅವಳು ಬಂದಳು, ಗುಡುಗು ಹೋದಳು. ಗುಡುಗು ಬಂದಳು, ಇನ್ನೊಬ್ಬಳು ಹೋದಳು. ಊಟದ ಹೊತ್ತಿಗೆ ಒದ್ದೆ ಹಾಸುಗಳು ಬಾಗಿಲವರೆಗೆ ಗುಡ್ಡೆ ಬಿದ್ದಿದ್ದವು. ಮರುದಿನವೂ ಅದೇ. ಅದರ ಮರುದಿನ ಹೋಟೆಲಿನವರು ಹಾಸಿಲ್ಲವೆಂದು ಫೋನು ಮಾಡತೊಡಗಿದರು. ಮ್ಯಾನೇಜರ್ ಮೆಟ್ಟಿಲಿಳಿದು ಬಂದು, ಇದೇನು ಹಟ ಎಂದು ಕೇಳಿದ. ಹೆಂಗಸರು ಇಸ್ತ್ರಿಯಕ್ಕನ ಕಡೆ ನೋಡಿದರು. ಅವಳು ನೀಲಿ ಬಾಟಲಿ ಎತ್ತಿ ತೋರಿಸಿ ಹೇಳಿದಳು.

“ಹಟ ಅಲ್ಲ ಸಾರ್. ಕುಡೀರಿ ಅಂದ್ರಿ, ಕುಡೀತಿದೀವಿ. ಅಂಗಳ ದಾಟಿ ಹೋಗಿ ಬರೋಕೆ ಹೊತ್ತಾಗತ್ತೆ.”

ಅವನು ಬಾಟಲಿಗಳನ್ನು ನೋಡಿದ, ಗುಡ್ಡೆ ಬಿದ್ದ ಹಾಸುಗಳನ್ನು ನೋಡಿದ. ಕರುಣೆ ಮಾಡದ ಕೆಲಸವನ್ನು ಲೆಕ್ಕಾಚಾರ ಮಾಡಿತು. ಹಾಲಿನ ಪಕ್ಕದ ಸೋಪಿನ ಉಗ್ರಾಣ ಖಾಲಿಯಾಯಿತು, ಪೈಪಿನವನು ಬಂದ, ಗಾರೆಯವನು ಬಂದ. ಇದು ಕಂಪನಿಯ ಕೊಡುಗೆ ಎಂದು ಬಾಗಿಲ ಮೇಲೆ ಫಲಕವನ್ನೂ ಹೊಡೆದರು. ಹೊಡೆದುಕೊಳ್ಳಲಿ.

ಮೊದಲ ದಿನ ಇಸ್ತ್ರಿಯಕ್ಕನನ್ನೇ ಮುಂದೆ ಕಳಿಸಿದರು. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹೊಸ ಸಿಮೆಂಟಿನ ವಾಸನೆ, ಮೇಲೆ ಕೈಯಗಲದ ಕಿಟಕಿ. ಗೋಡೆಯಾಚೆ ರೋಲರ್ ಗುಂಯ್‌ಗುಡುತ್ತಿತ್ತು, ಗುಡುಗು ಯಾರಿಗೋ ಏನೋ ಹೇಳಿ ನಗಿಸುತ್ತಿದ್ದಳು. ಕೆಲಸ ಮುಗಿದ ಮೇಲೂ ಅವಳು ತಕ್ಷಣ ಏಳಲಿಲ್ಲ. ಮಂಡಿಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಯಾರೂ ಕರೆಯಲಿಲ್ಲ.